ಮೊದಲು ಕಂಡವನ ಪಾಲು

ಪೂರ್ವ ಗ್ರೀನ್‌ಲ್ಯಾಂಡಿನ ಆ ಪುಟ್ಟ ಊರಿನಲ್ಲಿ ಮನಾಸೆಗೆ ಒಂದೇ ಹಮ್ಮು: ತಾನು ಕರೆದುಕೊಂಡು ಹೋದ ಯಾವ ಫೋಟೋಗ್ರಾಫರನೂ ಹಿಮಕರಡಿ ಕಾಣದೆ ಮರಳಿದ್ದಿಲ್ಲ. ಆ ವರ್ಷ ಅಕ್ಟೋಬರ್ ಮುಗಿಯುತ್ತ ಬಂದರೂ ಕಡಲು ಹೆಪ್ಪುಗಟ್ಟಲಿಲ್ಲ. ಮಂಜುಗಡ್ಡೆಯೇ ಇಲ್ಲದ ಮೇಲೆ ಕರಡಿಯಾದರೂ ಎಲ್ಲಿ ನಿಂತೀತು? ಡೆನ್ಮಾರ್ಕಿನಿಂದ ಬಂದವನು ಆರು ದಿನ ದೋಣಿಯಲ್ಲಿ ನಡುಗಿ, ಬರೀ ಕಲ್ಲು ನೀರಿನ ಚಿತ್ರ ತೆಗೆದ.

"ಈ ಸಲ ಅದೃಷ್ಟ ಇಲ್ಲ, ಬಿಡಿ" ಎಂದ ಅವನು. ಮನಾಸೆಗೆ ಚುಚ್ಚಿತು. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಊರ ಹಿಂದಿನ ಕಲ್ಲುದಿಬ್ಬದಲ್ಲಿ ಒಂದು ಚೀಲ ಸೀಲ್ ಪ್ರಾಣಿಯ ಕೊಬ್ಬು ಸುರಿದು ಬಂದ. ಊರ ಹತ್ತಿರ ಕೊಬ್ಬು ಚೆಲ್ಲಬೇಡಿ ಎಂದು ಹತ್ತು ವರ್ಷದಿಂದ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವನೂ ಅವನೇ.

ಸಂಜೆಗೆ ಕರಡಿ ಬಂತು. ಬಡಕಲು ಹೆಣ್ಣು, ಎಡಗಿವಿ ಹರಿದಿತ್ತು. ಫೋಟೋದವನು ಮನಾಸೆಯನ್ನು ತಬ್ಬಿಕೊಂಡ. ಮನಾಸೆ ತನ್ನ ಫೋನಿನಲ್ಲಿ ತೆಗೆದ ಚಿತ್ರವನ್ನು ಊರಿಗೆಲ್ಲ ತೋರಿಸಿದ.

ಫೋಟೋದವನು ಹೆಲಿಕಾಪ್ಟರ್ ಹತ್ತಿ ಹೋದ ಮೂರನೆಯ ದಿನ, ಕೊಬ್ಬು ಮುಗಿಸಿದ ಕರಡಿ ಹಾಡಹಗಲೇ ಊರೊಳಗೆ ಇಳಿಯಿತು. ವಿಧವೆ ಬೋದಿಲಕ್ಕನ ಮನೆ ಮುಂದೆ ಸರಪಳಿಯಲ್ಲಿದ್ದ ನಾಯಿಯನ್ನು ಸಿಗಿದು ಹಾಕಿತು. ಅವಳ ಹಿಮಗಾಡಿ ಎಳೆಯುವ ನಾಯಿಗಳಿಗೆಲ್ಲ ಅದೇ ಮುಂದಾಳು. ಎದುರುಮನೆಯ ಟೋಬಿಯಾಸ್ ಕರಡಿಗೆ ಗುಂಡು ಹೊಡೆದ.

"ಮೊದ್ಲು ಕಂಡೋರು ಯಾರ್ರಪ್ಪಾ?" ಎಂದು ಯಾರೋ ಕೇಳಿದರು. ಅಲ್ಲಿಯ ಹಳೆಯ ಕಟ್ಟಳೆಯಂತೆ ಕರಡಿಯ ಚರ್ಮ ಹೊಡೆದವನದಲ್ಲ, ಮೊದಲು ಕಂಡವನದು.

"ನಮ್ಮ ಮನಾಸೆ ಭಾವ!" ಟೋಬಿಯಾಸ್ ಕೂಗಿದ. "ಆ ಹರಿದ ಕಿವಿ ನೋಡ್ರೋ. ಫೋನಲ್ಲಿ ತೋರ್ಸಿದ್ದು ಇದೇ ಅಲ್ವಾ? ಗುಂಡು ನಂದು, ಚರ್ಮ ಭಾವಂದು!"

ಎಲ್ಲರೂ ನಕ್ಕರು. ಬೋದಿಲಕ್ಕನೂ ಕಣ್ಣೊರೆಸಿಕೊಂಡು, "ಪುಣ್ಯವಂತ ಕಣೋ ನೀನು" ಎಂದಳು. ಮನಾಸೆ ಹಲ್ಲು ಕಿರಿದ. ಕಿರಿದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಎರಡು ದಿನ ಬೋದಿಲಕ್ಕನ ಮನೆಯ ದಾರಿ ತಪ್ಪಿಸಿ ಓಡಾಡಿದ. ಮೂರನೆಯ ದಿನ ಅವಳ ಮನೆಗೆ ಹೋದ. ಅವಳು ನೆಲದ ಮೇಲೆ ಕೂತು, ಬಾಗಿದ ಕತ್ತಿಯಿಂದ ಅವನಿಗೆಂದೇ ಆ ಚರ್ಮದ ಕೊಬ್ಬು ಹೆರೆಯುತ್ತಿದ್ದಳು.

"ಅಕ್ಕಾ, ಕರಡಿ ತಾನಾಗಿ ಬರ್ಲಿಲ್ಲ. ದಿಬ್ಬದಲ್ಲಿ ನಾನೇ ಕೊಬ್ಬು ಹಾಕಿದ್ದೆ. ಫೋಟೋಗೋಸ್ಕರ."

ಕತ್ತಿ ನಿಂತಿತು. ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಚರ್ಮ ನಂಗೆ ಬೇಡ ಅಕ್ಕಾ. ನೀನೇ ಇಟ್ಕೋ."

"ಅದ್ಹೇಗಾಗುತ್ತೋ?" ಅವಳು ಮತ್ತೆ ಹೆರೆಯತೊಡಗಿದಳು. "ನಮ್ಮೆಲ್ಲರಿಗಿಂತ ಮೊದ್ಲು ಕಂಡೋನು ನೀನೇ ಅಲ್ವಾ."

ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಟೋಬಿಯಾಸ್ ಚರ್ಮವನ್ನು ಮರದ ಚೌಕಟ್ಟಿಗೆ ಬಿಗಿದು ತಂದು ಮನಾಸೆಯ ಬಾಗಿಲ ಮುಂದೆ ನಿಲ್ಲಿಸಿದ. ಹಗ್ಗವನ್ನು ಇನ್ನೊಮ್ಮೆ ಬಿಗಿದು ಹೊರಟುಹೋದ. ಅದು ಒಣಗಲು ವಾರಗಟ್ಟಲೆ ಬೇಕು. ಅಂಗಡಿಗೆ ಹೋಗುವವರೆಲ್ಲ ಅಲ್ಲಿ ಒಂದು ಗಳಿಗೆ ನಿಂತು, ಬೋದಿಲಕ್ಕ ಎಷ್ಟು ಚೆನ್ನಾಗಿ ಹೆರೆದಿದ್ದಾಳೆ ಎಂದು ಮೆಚ್ಚಿ ಮುಂದೆ ಹೋಗುತ್ತಾರೆ. ಮನಾಸೆಯ ಹೆಸರನ್ನು ಯಾರೂ ಎತ್ತುವುದಿಲ್ಲ.