ಸೋಲಾರ್ ಪ್ಯಾನೆಲ್ಲಿಗೆ ಹಾಕಿದ ಹಾರ

ಸಂಜೆ ಆರು ಇಪ್ಪತ್ತಕ್ಕೆ ಅಪ್ಪನ ಆಕ್ಸಿಜನ್ ಯಂತ್ರ ಕುಂಯ್‌ಗುಟ್ಟಿತು. ಬ್ಯಾಟರಿ ಮುಗಿಯುತ್ತಿತ್ತು. ಹರಿಹರದಾಚೆ ಹೊಳೆ ದಂಡೆಯಲ್ಲಿ, ಕರೆಂಟ್ ಕಂಬವೇ ಇಲ್ಲದ ಕಡೆ ನಮ್ಮ ಟ್ರೈಲರ್ ನಿಲ್ಲಿಸಿದ್ದೆವು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ ಅದು. ಛಾವಣಿಯ ಮೇಲೆ ಸೋಲಾರ್ ಪ್ಯಾನೆಲ್. ಜೀಪನ್ನು ನನ್ನ ಗಂಡ ಹಾಲು ತರಲು ಹರಿಹರಕ್ಕೆ ಒಯ್ದಿದ್ದರು.

ದಿನವಿಡೀ ಬಿಸಿಲಿತ್ತು, ಬ್ಯಾಟರಿ ತುಂಬಿರಬೇಕಿತ್ತು. ಏಣಿ ಹತ್ತಿ ನೋಡಿದೆ. ಪ್ಯಾನೆಲ್ಲಿನ ನಡುವೆ ದಪ್ಪನೆಯ ಚೆಂಡುಹೂವಿನ ಹಾರ.

ಅಂದು ಅಮಾವಾಸ್ಯೆ. ಬೆಳಿಗ್ಗೆ ಜೀಪಿಗೆ ಪೂಜೆ ಮಾಡಿದ ಮೇಲೆ ಅಪ್ಪ, "ಕರೆಂಟ್ ಕೊಡೋದು ಅದಲ್ಲೇನು? ಅದಕ್ಕೂ ಒಂದು ಹಾರ ಹಾಕ್ರಿ" ಎಂದಿದ್ದರು.

"ಯಾವ ಮಂತ್ರ ಹೇಳ್ಬೇಕ್ರಿ ಮಾವ?" ಎಂದು ಗಂಡ ಕೇಳಿದ್ದರು.

"ಮಂತ್ರ ಬ್ಯಾಡ, ಕಾಯಿ ಒಡೀರಿ. ಅದರ ಮ್ಯಾಲೇ ಒಡದೀರಿ ಮತ್ತೆ!"

ಮೂವರೂ ನಕ್ಕಿದ್ದೆವು. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಯಾನೆಲ್ ಸೊರಗುತ್ತದೆ ಎಂದು ಮಾರಿದವನು ಹೇಳಿದ್ದು ಯಾರಿಗೂ ನೆನಪಾಗಲಿಲ್ಲ.

ಹಾರ ಕಿತ್ತೆಸೆದೆ. ಸೂರ್ಯ ಆಗಲೇ ಮುಳುಗಿದ್ದ. ದೀಪ, ಫ್ಯಾನು, ಫ್ರಿಜ್ಜು ಎಲ್ಲ ಆರಿಸಿದೆ. ಆದರೂ ಯಂತ್ರ ನಿಂತಿತು. ಅಪ್ಪನ ತುಟಿ ನೀಲಿಗಟ್ಟತೊಡಗಿತು. ಫೋನಿನಲ್ಲಿ ಗಂಡ, "ಬ್ರಿಜ್ ಮ್ಯಾಲೆ ಲಾರಿ ಕೆಟ್ಟು ನಿಂತೈತೆ, ಬಂದೆ, ಬಂದೆ" ಎನ್ನುತ್ತಲೇ ಇದ್ದರು. ಬಿ.ಎಸ್ಸಿ. ಓದಿದ ನನಗೆ ಅಪ್ಪನನ್ನು ಒರಗಿಸಿ ಕೂರಿಸಿ ಬೆನ್ನು ಸವರುವುದು ಬಿಟ್ಟರೆ ಬೇರೇನೂ ತೋಚಲಿಲ್ಲ.

"ಹೆದರಬ್ಯಾಡ...ವ್ವ" ಎಂದರು ಅಪ್ಪ. ಆ ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಂಡರು.

ಜೀಪು ಬಂದಾಗ ಕತ್ತಲಾಗಿತ್ತು. ಯಂತ್ರಕ್ಕೆ ಜೀಪಿನಿಂದಲೇ ಕರೆಂಟ್ ಕೊಟ್ಟು, ಟ್ರೈಲರನ್ನು ಅಲ್ಲೇ ಬಿಟ್ಟು, ದಾವಣಗೆರೆಯ ಆಸ್ಪತ್ರೆಗೆ ಓಡಿದೆವು. ಅಪ್ಪ ಉಳಿದರು.

ದಾವಣಗೆರೆಯಲ್ಲೇ ಇದ್ದ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದ ಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಯಂತ್ರ ನಿಂತ ಆ ಕ್ಷಣದ ಮೌನ. ಗಂಡನೂ ಎದ್ದೆದ್ದು ಸ್ವಿಚ್ ನೋಡಿ ಬರುತ್ತಿದ್ದರು. ನಾವು ಓಡಾಡುವ ಸದ್ದಿಗೆ ಅಪ್ಪನಿಗೂ ಎಚ್ಚರ. "ಯಂತ್ರ ಕಾಯ್ತೀರೋ, ನನ್ನ ಕಾಯ್ತೀರೋ?" ಎಂದು ಗದರುತ್ತಿದ್ದರು.

ಹುಣ್ಣಿಮೆ ಕಳೆದ ಮೇಲೊಂದು ಮಂಗಳವಾರ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದರು. ರಾತ್ರಿ ಯಾರೂ ಎದ್ದು ಯಂತ್ರ ನೋಡಿರಲಿಲ್ಲ! ದಡಬಡಿಸಿ ಎದ್ದು ಕೂತೆ. ಅಷ್ಟರಲ್ಲಿ ಅಪ್ಪನ ಕೋಣೆಯಿಂದ ದನಿ ಬಂತು: "ಈ ಮನ್ಯಾಗ ಚಹಾ ಕೊಡೋರು ಯಾರೂ ಇಲ್ಲೇನು?"