ಸಿದ್ದಲಿಂಗಮ್ಮನ ತಿಪ್ಪೆ

ನಾಗಮಂಗಲದ ಹಳೇ ಕೇರಿಯಲ್ಲಿ ಪ್ರತಿ ಮನೆಯ ಹಿತ್ತಲಲ್ಲೂ ಒಂದು ತಿಪ್ಪೆಗುಂಡಿ. ಒಲೆಯ ಬೂದಿ, ಸಗಣಿ, ಹಸು ತಿಂದು ಬಿಟ್ಟ ಹುಲ್ಲು, ಸೊಪ್ಪಿನ ದಂಟು ಎಲ್ಲವೂ ಅದಕ್ಕೆ ಬಿದ್ದು ವರ್ಷದೊಳಗೆ ಕೊಳೆತು ಗೊಬ್ಬರವಾಗುತ್ತಿತ್ತು. ಸಿದ್ದಲಿಂಗಮ್ಮನ ರಾಗಿ ಹೊಲಕ್ಕೆ ಅದೊಂದೇ ಆಧಾರ; ಅಂಗಡಿ ಗೊಬ್ಬರವನ್ನು ಅವಳು ಮುಟ್ಟಿದವಳಲ್ಲ.

ಅವಳ ತಮ್ಮ ರವೀಂದ್ರ ಕಚೇರಿ ನೌಕರ. ತೊಂಬತ್ತೈದನೇ ಇಸವಿಯಲ್ಲಿ ಊರಾಚೆಯ ಹೊಸ ಬಡಾವಣೆಯಲ್ಲಿ ತಾರಸಿ ಮನೆ ಕಟ್ಟಿಸಿದ. ಅಲ್ಲಿ ಹಿತ್ತಲಿಲ್ಲ, ಕಸದ ತೊಟ್ಟಿಯೂ ಬಂದಿರಲಿಲ್ಲ. ಖಾಲಿ ಸೈಟಿಗೆ ಎಸೆದರೆ ಜಗಳ.

"ಅಕ್ಕಾ, ನಮ್ ಬೀದಿ ಕಸ ನಿನ್ ತಿಪ್ಪೆಗೆ ಆಕುಸ್ತೀನಿ. ನಿಂಗೂ ಗೊಬ್ಬರ ಆಯ್ತದೆ."

"ಸಿಪ್ಪೆ, ಎಲೆ, ಅಷ್ಟೇ ಕಣ್ಲಾ. ಗಾಜು ಗೀಜು ಬಂದಾತು, ಉಸಾರು!"

"ನಿನ್ನಾಣೆ ಅಕ್ಕಾ."

ಕಸ ಎತ್ತಲು ಬಡಾವಣೆಯವರು ಗೊತ್ತು ಮಾಡಿದ್ದ ಮರಿಯಯ್ಯ, ಸಿದ್ದಲಿಂಗಮ್ಮ ಡೈರಿಗೆ ಹಾಲು ಹಾಕಲು ಹೋದ ಹೊತ್ತಿಗೆ ತಳ್ಳುಗಾಡಿ ತಂದು ಸುರಿದು ಹೋಗುತ್ತಿದ್ದ. ಅವಳು ಬಂದು ನೋಡಿದರೆ ಮೇಲೆ ಬಾಳೆಸಿಪ್ಪೆ, ಎಲೆಕೋಸಿನ ಎಲೆ. ತಮ್ಮ ಕಳಿಸಿದ್ದನ್ನು ಕೆದಕಿ ನೋಡುವುದೆಂತು? ಬೇಗ ಕೊಳೆಯಲೆಂದು ಸಗಣಿ ಕಲಸಿ ಹೊಯ್ದು ಮುಚ್ಚುತ್ತಿದ್ದಳು.

ಯುಗಾದಿ ಕಳೆದ ಮೇಲೆ ಹೊಲಕ್ಕೆ ಸಾಗಿಸಲು ತಿಪ್ಪೆ ಬಗೆದಳು. ಮಂಕರಿ ಬುಟ್ಟಿಗೆ ಗೊಬ್ಬರ ಬಾಚುವಾಗ ಅಂಗೈ ಸೀಳಿತು. ಒಡೆದ ಬಲ್ಬು. ಅದರ ಕೆಳಗೆ ಬ್ಲೇಡು, ಔಷಧಿ ಸೀಸೆ, ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲಗಳು. ಗಾಳಿಯಾಡದ ಚೀಲದೊಳಗೆ ಅನ್ನ ಕೂಡ ಗೊಬ್ಬರವಾಗದೆ ನಾರುತ್ತಿತ್ತು. ಬರಿಗಾಲಲ್ಲಿ ಕಳೆ ಕೀಳುವ ಹೊಲಕ್ಕೆ ಇದನ್ನು ಚೆಲ್ಲುವ ಹಾಗಿರಲಿಲ್ಲ.

ಮರಿಯಯ್ಯನನ್ನು ತಡೆದು ಕೇಳಿದಳು. ಅವನು ತಲೆ ತಗ್ಗಿಸಿದ. "ನಾನೇನ್ ಮಾಡ್ಲವ್ವ? ಗಾಜು ಗೀಜೆಲ್ಲ ಕೆಳಗಾಕು, ಮ್ಯಾಲೆ ಸಿಪ್ಪೆ ಉದುರುಸ್ಬುಡು ಅಂತ ನಿನ್ ತಮ್ಮಯ್ಯನೇ ಯೋಳುದ್ದು."

ಸಿದ್ದಲಿಂಗಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ನೇರ ಬಡಾವಣೆಗೆ ನಡೆದಳು. ರವೀಂದ್ರ ನಗಲು ನೋಡಿದ. "ತೊಟ್ಟಿ ಬರೋಗಂಟ ಅಂತ ಮಾಡ್ದೆ ಅಕ್ಕಾ. ಆಳು ಬುಟ್ಟು ಗಾಜು ಆಯುಸ್ಕೊಡ್ತೀನಿ ಬುಡು."

"ಗಾಜ ನಾನೇ ಆಯ್ಕತೀನಿ ಕಣ್ಲಾ. ಮ್ಯಾಲೆ ಸಿಪ್ಪೆ ಉದುರುಸುದ್ಯಲ್ಲ, ಅದ ಯಾರ್ಲಾ ಆಯೋರು?"

ಆ ಮುಂಗಾರಿಗೆ ಗೊಬ್ಬರವಿಲ್ಲದೆಯೇ ರಾಗಿ ಬಿತ್ತಿದಳು. ಪೈರು ಮೊಣಕಾಲೆತ್ತರಕ್ಕೇ ನಿಂತಿತು.

ಗೌರಿ ಹಬ್ಬಕ್ಕೆ ರವೀಂದ್ರ ಚೀಲ ತುಂಬ ಹಣ್ಣು ತಂದ. ಅವಳು ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಆಮೇಲೆ ಅವನೆದುರಿಗೇ ಚೀಲವನ್ನು ಮೊರಕ್ಕೆ ಸುರಿದು, ತಳದ ಹಣ್ಣುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.