ಚೌಡಿ ಕಲ್ಲಿನೆದುರು ನಿಲ್ಲುವ ಎಂಜಿನ್

ಮೊದಲೇ ಹೇಳಿಬಿಡುತ್ತೇನೆ: ದೆವ್ವ, ಚೌಡಿ, ಪೀಡೆ ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಈಗ ಬಂದಿದೆ ಎಂದು ನನ್ನ ಬಾಯಿಂದ ಹೇಳಿಸಲು ನಿಮ್ಮಿಂದಲೂ ಆಗದು. ಸಾಗರದಲ್ಲಿ ಕೂತು, ಕರೆಂಟಿನಿಂದ ಓಡುವ ಹಳೆಯ ಪುಟ್ಟ ಮಾಡೆಲ್ ರೈಲುಗಳ ಎಂಜಿನ್ ರಿಪೇರಿ ಮಾಡುವವನು ನಾನು. ಅಂಗೈಯಗಲದ ಎಂಜಿನ್ ಓಡದಿದ್ದರೆ ಕಾರಣ ಅದರೊಳಗೇ ಇರುತ್ತದೆ, ಬಿಚ್ಚಿದರೆ ಸಿಗುತ್ತದೆ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿಯಿಂದ ಸರೋಜಮ್ಮ ಎಂಬವರ ಫೋನ್ ಬಂತು. ಅವರ ಗಂಡ ಬಸ್ ಡ್ರೈವರ್. ಮಾಸ್ತಿಕಟ್ಟೆ ದಾಟಿ ಘಾಟಿ ಇಳಿಯುವ ರೂಟಿನಲ್ಲೇ ಆಯುಸ್ಸು ಸವೆಸಿದವರು. "ನಮ್ಮೂರಿಗೆ ರೈಲು ಹೇಗೂ ಬರೋದಿಲ್ಲ, ನಾನೇ ತರ್ತೀನಿ" ಎಂದು ಹಳೆಯ ಮಾಡೆಲ್ ರೈಲೊಂದನ್ನು ತಂದು ಹಲಗೆಯ ಮೇಲೆ ಗುಂಡಗೆ ಹಳಿ ಹಾಸಿದ್ದರಂತೆ. ತಿರುವಿನಲ್ಲಿ, ದಾರಿ ಕಾಯುವ ದೇವತೆಯೆಂದು, ಒಂದು ಪುಟ್ಟ ಚೌಡಿ ಕಲ್ಲು. ಘಾಟಿಯ ಚೌಡಿ ಗುಡಿಯೆದುರು ಬಸ್ ನಿಲ್ಲಿಸಿ ಕೈಮುಗಿದೇ ಮುಂದೆ ಹೋಗುತ್ತಿದ್ದ ಮನುಷ್ಯ, ಮನೆಯ ರೈಲನ್ನೂ ಪ್ರತಿ ಸುತ್ತಿನಲ್ಲಿ ಕಲ್ಲಿನೆದುರು ನಿಲ್ಲಿಸಿಯೇ ಮುಂದೆ ಓಡಿಸುತ್ತಿದ್ದರು.

ಅವರು ತೀರಿಕೊಂಡ ಮೇಲೆ ಎಂಜಿನ್ ಯಾರೂ ನಿಲ್ಲಿಸದೆ ತಾನಾಗಿ ಅಲ್ಲೇ ನಿಲ್ಲತೊಡಗಿತು. ಒಂದು ಗಳಿಗೆ ನಿಂತು ತಾನೇ ಹೊರಡುತ್ತಿತ್ತು. ಸರೋಜಮ್ಮನ ಮೈದುನ ಹೆದರಿ, ಅದನ್ನು ತುಂಗೆಗೆ ಎಸೆಯಲೇಬೇಕೆಂದು ಹಟ ಹಿಡಿದಿದ್ದ. ಗಂಡ ಆಸೆಪಟ್ಟು ಇಟ್ಟುಕೊಂಡಿದ್ದ ವಸ್ತು ಅದೊಂದೇ. "ಇದು ಬರೀ ರಿಪೇರಿ ವಿಷ್ಯ ಅಂತ ಅವ್ನೆದುರು ತೋರ್ಸಿಕೊಡಿ ಮಾರಾಯ್ರೆ" ಎಂದರು ಆಕೆ.

ತೋರಿಸಲೆಂದೇ ಹೋದೆ. ಹಾಡಹಗಲು, ಮೈದುನನೂ ಎದುರಿಗೇ ಕೂತಿದ್ದ. ಹಳಿ ಉಜ್ಜಿದೆ, ಚಕ್ರ ಒರೆಸಿದೆ, ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಬದಲಿಸಿದೆ. ಆದರೂ ಎಂಜಿನ್ ಕಲ್ಲಿನೆದುರು ನಿಂತಿತು. ಹಳೇ ಮೋಟಾರನ್ನೇ ಕಿತ್ತು ಹೊಸದು ಕೂರಿಸಿದೆ. ಓಟ ನಯವಾಯಿತು, ಆದರೆ ಅಲ್ಲಿಗೆ ಬಂದು ನಿಂತಿತು. ನಾನು ಒಯ್ದಿದ್ದ ಬೇರೆ ಎಂಜಿನ್ ಅದೇ ಹಳಿಯ ಮೇಲೆ ಎಲ್ಲೂ ನಿಲ್ಲದೆ ಓಡಿತು. ನನಗೆ ಸಿಟ್ಟು ನೆತ್ತಿಗೇರಿತು. ಕಲ್ಲಿನೊಳಗೆ ಆಯಸ್ಕಾಂತವಿದೆಯೇನೋ ಎಂದು ಸ್ಕ್ರೂಡ್ರೈವರ್ ತಾಗಿಸಿದರೆ ಅಂಟಲಿಲ್ಲ.

ಕೊನೆಗೆ ಆ ಕಲ್ಲನ್ನೇ ಎತ್ತಿ ಹಲಗೆಯ ಇನ್ನೊಂದು ಮಗ್ಗುಲಿಗಿಟ್ಟೆ. ಎಂಜಿನ್ ಹಳೆಯ ಜಾಗವನ್ನು ದಾಟಿ ಹೋಯಿತು. ಗೆದ್ದೆ ಎಂದುಕೊಂಡೆ. ಅದು ಮುಂದೆ ಬಂದು, ಕಲ್ಲನ್ನು ಹೊಸದಾಗಿ ಇಟ್ಟಲ್ಲಿ ನಿಂತಿತು.

"ನೋಡಿದ್ರಾ? ಇವತ್ತೇ ಹೊಳೆಗೆ ಹಾಕಿ" ಎಂದ ಮೈದುನ.

ನನ್ನ ಮೈ ಜುಮ್ಮೆಂದಿತ್ತು, ಸುಳ್ಳು ಯಾಕೆ ಹೇಳಲಿ? ಆದರೂ ಬಿಡಲಿಲ್ಲ. "ಇದು ಮಷಿನ್ ತೊಂದ್ರೆನೇ. ನಂಗಿನ್ನೂ ಸಿಕ್ಕಿಲ್ಲ ಅಷ್ಟೇ. ಸಿಗೋ ತನಕ ಇದನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದೆ. ಅವನು ಗೊಣಗುತ್ತಾ ಎದ್ದು ಹೋದ.

ಸರೋಜಮ್ಮ ಹತ್ತಿರ ಬಂದರು. "ಸಿಕ್ಕಿದ್ರೂ ಸರಿ ಮಾಡ್ಬೇಡಿ, ಆಯ್ತಾ?" ಎಂದರು ಮೆಲ್ಲಗೆ.

ಈಗಲೂ ಆಗಾಗ ಅದಕ್ಕೆ ಎಣ್ಣೆ ಬಿಡಲು ಹೋಗುತ್ತೇನೆ. ಕಾರಣ ಸಿಕ್ಕಿಲ್ಲ. ಚೌಡಿಗೆ ನಾನು ಕೈಮುಗಿದಿಲ್ಲ, ಮುಗಿಯುವುದೂ ಇಲ್ಲ. ಆದರೆ ಎಂಜಿನ್ ಆ ಕಲ್ಲಿನೆದುರು ನಿಂತಾಗ ಅದನ್ನು ಬೆರಳಿನಿಂದ ಮುಂದೆ ತಳ್ಳಲು ಇದುವರೆಗೆ ನನಗೆ ಮನಸ್ಸಾಗಿಲ್ಲ.